ಕರಿಯನ ತುರಿಕೆ ಮತ್ತು ಶನಿವಾರದ ರೊಟ್ಟಿ

ಈ ತಿಂಗಳೊಳಗೆ ನಾಯಿಯನ್ನು ಬೇರೆ ಎಲ್ಲಾದರೂ ಬಿಟ್ಟು ಬಾ, ಇಲ್ಲದಿದ್ದರೆ ಫ್ಲ್ಯಾಟ್ ಖಾಲಿ ಮಾಡು ಎಂದು ಓನರ್ ಅಂಕಲ್ ಬಾಗಿಲಲ್ಲೇ ನಿಂತು ಹೇಳಿ ಹೋದರು.

ಕರಿಯ ನನ್ನ ಕಾಲ ಬಳಿ ಕೂತು ಹೊಟ್ಟೆ ಕೆರೆದುಕೊಳ್ಳುತ್ತಲೇ ಇದ್ದ. ಮಾತು ತನ್ನ ಬಗ್ಗೆಯೇ ಅಂತ ಅವನಿಗೇನು ಗೊತ್ತು, ಪಾಪ...

ನಾನಿರುವುದು ದಿಲ್ಲಿ ಪಕ್ಕದ ಇಂದಿರಾಪುರಂನಲ್ಲಿ, ಕೆಲಸ ನೋಯ್ಡಾದ ಒಂದು ಐಟಿ ಕಂಪನಿಯಲ್ಲಿ. ಕರಿಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಸಿಕ್ಕ ಮರಿ. ಮೂತಿಯಿಂದ ಬಾಲದ ತನಕ ಹುಡುಕಿದರೂ ಒಂದು ಬಿಳಿ ಕೂದಲಿಲ್ಲ.

ಅಂಕಲ್, ಆಂಟಿ ಎದುರು ಫ್ಲ್ಯಾಟ್‌ನಲ್ಲೇ ಇರುತ್ತಾರೆ. ಅಂಕಲ್ ಕೆಟ್ಟವರಲ್ಲ. ಆದರೆ ನಾಯಿಯ ಖುಜ್ಲಿ, ಅಂದರೆ ತುರಿಕೆ, ಮನುಷ್ಯರಿಗೂ ಅಂಟುತ್ತದೆ ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಇದು ಅಂಟುವಂಥದ್ದಲ್ಲ, ಅಲರ್ಜಿ, ಬಹುಶಃ ಊಟದ್ದು ಎಂದು ಕರಿಯನ ಡಾಕ್ಟರ್ ಹೇಳಿದ್ದರು. ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ತಣ್ಣಗಿರುತ್ತಿದ್ದ, ಆಮೇಲೆ ಮತ್ತೆ ಶುರು. ಹೀಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡುತ್ತಾ ಹೋಗುವುದು ಅವರಿಗೂ ಇಷ್ಟವಿರಲಿಲ್ಲ.

"ಗೋಧಿ, ಹಾಲು, ಚಿಕನ್, ಬಿಸ್ಕೆಟ್ ಎಲ್ಲಾ ಬಂದ್. ಇದುವರೆಗೆ ತಿನ್ನದೇ ಇರೋದನ್ನು ಮಾತ್ರ ಎರಡು ತಿಂಗಳು ಕೊಡಿ. ಒಂದು ತುಂಡೂ ಆಚೀಚೆ ಆಗಬಾರದು" ಎಂದರು.

ನಾನು ಸುಮ್ಮನಿರುವವಳಾ? ಇಂಟರ್‌ನೆಟ್ ಜಾಲಾಡಿ, ಇನ್ನು ಮುಂದೆ ಎಲ್ಲವೂ ಆರ್ಗ್ಯಾನಿಕ್ ಎಂದು ತೀರ್ಮಾನಿಸಿದೆ. ಡಾಕ್ಟರ್ ನಕ್ಕರು. "ಒಳ್ಳೇದೇ. ಆದರೆ ಆರ್ಗ್ಯಾನಿಕ್ ಗೋಧಿನೂ ಗೋಧಿನೇ, ನೆನಪಿರಲಿ."

ಊರಿನಿಂದ ರೈಲಿನಲ್ಲಿ ಬರುವ ಪರಿಚಯದವರ ಕೈಲಿ ಅಮ್ಮ ಸಾವಯವ ರಾಗಿ ಹಿಟ್ಟು ಕಳಿಸಿದಳು. ರಾಗಿ ಮುದ್ದೆ, ಬೇಯಿಸಿದ ಕುಂಬಳಕಾಯಿ, ಉಪ್ಪು ಖಾರವಿಲ್ಲದ ಮೀನು... ಕರಿಯ ತಟ್ಟೆ ನೆಕ್ಕಿ ನೆಕ್ಕಿ ತಿಂದ.

ಓನರ್ ಮನೆಯವರು ಶುದ್ಧ ಸಸ್ಯಾಹಾರಿಗಳು. ಹಾಗಾಗಿ ಮೀನು ಬೇಯಿಸುವಾಗಲೆಲ್ಲ ಅಗರಬತ್ತಿ ಹಚ್ಚುತ್ತಿದ್ದೆ. ಈ ಹುಡುಗಿಗೆ ಎಷ್ಟು ದೈವಭಕ್ತಿ ಅಂತ ಆಂಟಿ ಮೆಚ್ಚಿಕೊಂಡಿದ್ದೂ ಉಂಟು!

ಆದರೆ ತುರಿಕೆ ಹೋಗಲಿಲ್ಲ. ಶುಕ್ರವಾರದ ಹೊತ್ತಿಗೆ ಸ್ವಲ್ಪ ಇಳಿದ ಹಾಗಿರುತ್ತಿತ್ತು, ಭಾನುವಾರ ಮತ್ತೆ ಕಿವಿ ಕೆಂಪು, ಪಾದ ಕಚ್ಚಿ ಕಚ್ಚಿ ಗಾಯ. ಭಾನುವಾರದ ಸ್ನಾನದ್ದೇ ತಪ್ಪೇನೋ ಎಂದು ಶಾಂಪೂ ಬದಲಿಸಿದೆ, ಆಮೇಲೆ ಸ್ನಾನವನ್ನೇ ನಿಲ್ಲಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಅಂಕಲ್ ಕೊಟ್ಟ ಗಡುವು ಹತ್ತಿರ ಬಂತು. ಇವನನ್ನು ಇಟ್ಟುಕೊಳ್ಳುತ್ತೀರಾ ಎಂದು ಗೆಳತಿಯರನ್ನು ಕೇಳಲು ಫೋನ್ ಎತ್ತಿಕೊಳ್ಳುವುದು, ಅಳು ಬಂದು ಕೆಳಗಿಡುವುದು... ಇದೇ ಆಗಿತ್ತು ನನ್ನ ಪಾಡು.

ಶನಿವಾರ ಸಂಜೆ ನಾನು ಇಲ್ಲಿಯ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸಲು ಹೋಗುತ್ತೇನೆ. "ಅಕ್ಕಾ, ಯೇ ವಾಲಾ 'ಳ' ಬಹುತ್ ಡಿಫಿಕಲ್ಟ್ ಹೈ" ಅನ್ನುವಂಥ ಮಕ್ಕಳು. ಹೋಗುವಾಗ ಮನೆಯ ಕೀ ಆಂಟಿಯ ಕೈಗೆ ಕೊಟ್ಟು ಹೋಗುವುದು ಅಭ್ಯಾಸ.

ಆ ಶನಿವಾರ ಮಕ್ಕಳಿಗೆ ಪರೀಕ್ಷೆ ಎಂದು ಕ್ಲಾಸ್ ಇರಲಿಲ್ಲ. ಅರ್ಧ ದಾರಿಯಲ್ಲಿ ವಿಷಯ ತಿಳಿದು ವಾಪಸ್ ಬಂದೆ.

ನೋಡಿದರೆ, ನಮ್ಮ ಮನೆ ಬಾಗಿಲು ಅರ್ಧ ತೆರೆದಿದೆ. ಒಳಗೆ ಆಂಟಿ ತಲೆ ಮೇಲೆ ಸೆರಗು ಹೊದ್ದು ನೆಲದ ಮೇಲೆ ಕೂತಿದ್ದಾರೆ. ಸಾಸಿವೆ ಎಣ್ಣೆ ಸವರಿದ ಗೋಧಿ ರೊಟ್ಟಿಯನ್ನು ಕರಿಯನಿಗೆ ತಿನ್ನಿಸಿ, ಅವನಿಗೇ ಕೈ ಮುಗಿಯುತ್ತಿದ್ದಾರೆ!

ನನಗೆ ಮೈಯೆಲ್ಲ ಉರಿದುಹೋಯಿತು. "ಆಂಟೀ! ಇವನಿಗೆ ಗೋಧಿ ಆಗಲ್ಲ ಅಂತ ನಿಮಗೆ ಎಷ್ಟು ಸಲ ಹೇಳಿದ್ದೀನಿ!"

ಅವರು ಗಾಬರಿಯಾಗಿ ಎದ್ದರು. "ಬೇಟಾ, ಒಂದೇ ರೊಟ್ಟಿ... ವಾರಕ್ಕೆ ಒಂದೇ. ಅಂಕಲ್‌ಗೆ ಹೇಳಬೇಡ ಪ್ಲೀಸ್, ಅವರಿಗೆ ಇದೆಲ್ಲ ನಂಬಿಕೆ ಇಲ್ಲ."

ಆಂಟಿಯ ಮಗನಿಗೆ ಈ ರಿಸೆಷನ್‌ನಲ್ಲಿ ಗುರ್‌ಗಾಂವ್‌ನ ಕೆಲಸ ಹೋಗಿತ್ತು. ಹುಡುಗ ರೂಮಿನಿಂದ ಹೊರಗೇ ಬರುತ್ತಿರಲಿಲ್ಲ. ಶನಿದೆಸೆ, ಶನಿವಾರ ಕಪ್ಪು ನಾಯಿಗೆ ಎಣ್ಣೆ ಸವರಿದ ರೊಟ್ಟಿ ಹಾಕು ಎಂದು ಪಂಡಿತರು ಹೇಳಿದ್ದರಂತೆ. ಇಡೀ ಸೊಸೈಟಿಯಲ್ಲಿ ಪೂರ್ತಿ ಕಪ್ಪಗಿರುವವನು ನಮ್ಮ ಕರಿಯ ಒಬ್ಬನೇ.

ಹೇಳುತ್ತಾ ಹೇಳುತ್ತಾ ಆಂಟಿ ಅತ್ತುಬಿಟ್ಟರು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಡುಗೆಮನೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟೆ.

ಕಟ್ಟೆಯ ಮೇಲೆ ರಾಗಿ ಹಿಟ್ಟಿನ ಡಬ್ಬಿ ತೆರೆದೇ ಇತ್ತು. ಆಂಟಿ ಬಗ್ಗಿ ನೋಡಿದರು, ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ಉಜ್ಜಿದರು.

"ಯೇ ಕಾಲಾ ಆಟಾ ಕ್ಯಾ ಹೈ?" ಇದೇನು ಕಪ್ಪು ಹಿಟ್ಟು ಅಂತ.

ರಾಗಿ, ಇವನು ತಿನ್ನಬಹುದಾದ್ದು ಇದನ್ನೇ ಎಂದೆ. ಆಂಟಿಯ ಮುಖ ಅರಳಿತು. "ಅಚ್ಛಾ! ಶನಿ ಮಹಾರಾಜರಿಗೆ ಕಪ್ಪು ಪದಾರ್ಥ ಅಂದರೆ ಬಹಳ ಇಷ್ಟ ಬೇಟಾ. ಕಪ್ಪು ನಾಯಿ, ಕಪ್ಪು ರೊಟ್ಟಿ... ಇದು ಇನ್ನೂ ಒಳ್ಳೇದೇ ಆಯ್ತು!"

ಮುಂದಿನ ಶನಿವಾರದಿಂದ ರಾಗಿ ರೊಟ್ಟಿ. ಮೊದಲ ರೊಟ್ಟಿ ನಾಲ್ಕು ಚೂರಾಗಿತ್ತು, ಕರಿಯ ತಕರಾರು ಮಾಡಲಿಲ್ಲ. ಅಂಕಲ್‌ಗೆ ಆಂಟಿ ಅದೇನು ಹೇಳಿದರೋ ಕಾಣೆ, ಗಡುವಿನ ಮಾತು ಮತ್ತೆ ಬರಲಿಲ್ಲ.

ವಾರಗಳು ಕಳೆದ ಹಾಗೆ ಕಿವಿಯ ಕೆಂಪು ಇಳಿಯಿತು. ಬೋಳಾಗಿದ್ದ ಹೊಟ್ಟೆಯ ಮೇಲೆ ಸಣ್ಣಗೆ ಕೂದಲು ಬಂತು. ಒಂದು ಮಧ್ಯಾಹ್ನ ಒಮ್ಮೆಯೂ ಕೆರೆದುಕೊಳ್ಳದೆ ಕಾಲು ಚಾಚಿ ಮಲಗಿದ್ದ ಅವನನ್ನು ನೋಡುತ್ತಾ ಕೂತೆ. ಅಬ್ಬಾ, ಎಷ್ಟು ಸಮಾಧಾನ ಆಯಿತು ಅಂತೀರಿ...

ಕಳೆದ ವಾರ ಆಂಟಿಯ ಮಗನಿಗೆ ಕೆಲಸ ಸಿಕ್ಕಿತು. ಖುಷಿಯಾಯಿತು, ಒಳಗೊಳಗೇ ಹೆದರಿಕೆಯೂ ಆಯಿತು. ಇನ್ನು ಆಂಟಿಗೆ ಕಪ್ಪು ನಾಯಿ ಯಾಕೆ ಬೇಕು?

ನಿನ್ನೆ ಶನಿವಾರ. ಕ್ಲಾಸ್ ಮುಗಿಸಿ ಬಂದರೆ ಆಂಟಿ ನಮ್ಮ ಬಾಗಿಲಲ್ಲಿ, ಕೈಯಲ್ಲಿ ರಾಗಿ ರೊಟ್ಟಿ. ಹಿಂದೆ ಅಂಕಲ್, ಬೇಯಿಸಿದ ಕುಂಬಳಕಾಯಿಯ ಬಟ್ಟಲು ಹಿಡಿದುಕೊಂಡು.

"ಶನಿ ಮಹಾರಾಜರದು ಮುಗೀತಲ್ಲ ಆಂಟಿ?" ಎಂದೆ.

"ಅವರದು ಮುಗೀತು ಬೇಟಾ. ಇದು ಕರಿಯಂದು."

ನಿಮ್ಮ ನಾಯಿಗೆ ನಿಮ್ಮ ಬೆನ್ನ ಹಿಂದೆ ಯಾರು, ಏನು ತಿನ್ನಿಸುತ್ತಿದ್ದಾರೆ ಅಂತ ಎಂದಾದರೂ ವಿಚಾರಿಸಿದ್ದೀರಾ?