ಸೋಲುವ ನಂಬರ್

ನನ್ನ ಸೋದರಮಾವನಿಗೆ ಆಫೀಸಿನಲ್ಲಿ ‘ಭಾಗ್ಯದಾತ’ ಎಂಬ ಅಡ್ಡಹೆಸರಿದೆ. ಅದನ್ನು ಇಟ್ಟವನು ಅವನೇ. ಬೇರೆ ಯಾರೂ ಇಡುವ ಲಕ್ಷಣ ಕಾಣದಿದ್ದಾಗ ಒಂದೆರಡು ಪತ್ರಗಳ ಕೆಳಗೆ ತಾನೇ ಹಾಗೆ ಸಹಿ ಹಾಕಿಕೊಂಡ. ಆಮೇಲೆ ಎಲ್ಲರೂ ಹಾಗೇ ಕರೆಯುತ್ತಾರೆಂದು ಹೇಳಿಕೊಂಡು ತಿರುಗಿದ. ಹಿರಿಯರನ್ನು ಏಕವಚನದಲ್ಲಿ ಕರೆಯಬಾರದೆಂದು ಅಮ್ಮ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದಾಳೆ. ಎದುರಿಗೆ ನಾನು ಈಗಲೂ ‘ನೀವು’ ಎಂದೇ ಅನ್ನುತ್ತೇನೆ. ಬರೆಯುವಾಗ ಮಾತ್ರ ಅಷ್ಟು ಮರ್ಯಾದೆ ನನ್ನಿಂದ ಆಗುತ್ತಿಲ್ಲ.

ನಮ್ಮದು ಪಾಯಿಂಟ್ಸ್ ಕೊಡುವ ವೆಬ್‌ಸೈಟ್. ಜನ ಸೋಪು, ಎಣ್ಣೆ, ಚಪ್ಪಲಿ ಏನೇ ಕೊಂಡರೂ ಅವರ ಫೋನ್ ನಂಬರಿಗೆ ಪಾಯಿಂಟ್ಸ್ ಬೀಳುತ್ತವೆ. ಒಂದಿಷ್ಟು ಕೂಡಿದ ಮೇಲೆ ಅವನ್ನು ಕೊಟ್ಟು ಸ್ಕ್ರ್ಯಾಚ್ ಕಾರ್ಡ್ ಆಡಬಹುದು. ಫೋನಿನ ಮೇಲೆ ಬೂದು ಬಣ್ಣದ ಮೂರು ಚೌಕಗಳು ಬರುತ್ತವೆ, ಬೆರಳಿನಿಂದ ಉಜ್ಜಿದರೆ ಬೂದು ಅಳಿದು ಚಿತ್ರ ಕಾಣುತ್ತದೆ, ಮೂರೂ ಒಂದೇ ಆಗಿದ್ದರೆ ಬಹುಮಾನ. ಈ ಆಟಗಳನ್ನು ಕಟ್ಟಿ ವೆಬ್‌ಸೈಟಿಗೆ ಏರಿಸುವವನು ಮಾವ. ಏರಿಸುವ ಮೊದಲು ಆಡಿ ಪರೀಕ್ಷಿಸುವವಳು, ಕಳೆದ ಆರು ತಿಂಗಳಿಂದ, ನಾನು. ನನಗೆ ಈ ಕೆಲಸ ಕೊಡಿಸಿದವನು ಅವನೇ. ಅದನ್ನು ದಿನಕ್ಕೆರಡು ಸಲ ನೆನಪಿಸುವವನೂ ಅವನೇ.

ಉಜ್ಜುವವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಉಜ್ಜುವುದಕ್ಕೂ ಗೆಲ್ಲುವುದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ. ಕಾರ್ಡ್ ತೆರೆದ ಕ್ಷಣವೇ ಕಂಪ್ಯೂಟರ್ ಸೋಲು ಗೆಲುವನ್ನು ತೀರ್ಮಾನಿಸಿ ಸುಮ್ಮನಾಗಿರುತ್ತದೆ. ಬಲಗೈಯಲ್ಲಿ ಉಜ್ಜಿದರೂ ಅಷ್ಟೇ, ಎಡಗೈಯಲ್ಲಿ ಉಜ್ಜಿದರೂ ಅಷ್ಟೇ. ಮಾವನ ಹೆಮ್ಮೆಯೆಲ್ಲ ಇರುವುದು ಸೋಲಿಸುವ ಬಗೆಯಲ್ಲಿ. ಸೋಲುವ ಕಾರ್ಡಿನಲ್ಲಿ ಮೊದಲೆರಡು ಚಿತ್ರ ಒಂದೇ ಇರಬೇಕು, ಮೂರನೆಯದು ಅದೇ ಬಣ್ಣದ ಬೇರೇನೋ ಆಗಿರಬೇಕು. ಕೆಂಪು ಕೊಡೆ, ಕೆಂಪು ಕೊಡೆ, ಆಮೇಲೆ ಕೆಂಪು ಬುಟ್ಟಿ. “ಅರ್ಧ ಉಜ್ಜಿದಾಗ ಕೊಡೆ ಅಂತಾನೇ ಅನ್ನಿಸ್ಬೇಕು. ಎದೆ ಡಬಡಬ ಅನ್ನಬೇಕು. ಅದು ಕಲೆ ಕಣೇ,” ಎಂದು ನನಗೆ ಪಾಠ ಹೇಳಿದ್ದ. ಬುಟ್ಟಿಯ ಹಿಡಿಯನ್ನು ಕೊಡೆಯ ಹಿಡಿಯಷ್ಟೇ ಬಾಗಿಸಲು ಅವನು ಎರಡು ದಿನ ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಜೀವಮಾನದಲ್ಲಿ ಬೇರೆ ಯಾವುದಕ್ಕೂ ಅಷ್ಟು ಶ್ರದ್ಧೆ ತೋರಿದವನಲ್ಲ.

ಉಳಿದ ಕೆಲಸವೆಲ್ಲ ನಕಲು. ಹೊಸ ಆಟ ಕಟ್ಟುವುದೆಂದರೆ ಹಳೆಯ ಆಟವನ್ನು ಇಡಿಯಾಗಿ ನಕಲು ಮಾಡಿ, ಚಿತ್ರ ಬದಲಿಸಿ, ದಿನಾಂಕ ತಿದ್ದುವುದು. ಹಣ್ಣಿನ ಆಟದಿಂದ ಹಡಗಿನ ಆಟ ಹುಟ್ಟಿತು, ಹಡಗಿನದರಿಂದ ಕೊಡೆಯದು. ಅರ್ಧ ದಿನದ ಈ ಕೆಲಸಕ್ಕೆ ಅವನು ವಾರ ತೆಗೆದುಕೊಂಡು, ಕೊನೆಯಲ್ಲಿ ಕುತ್ತಿಗೆ ನೀವಿಕೊಳ್ಳುತ್ತಾ “ತಲೆ ಕೆಟ್ಟು ಹೋಗಿದೆ” ಅನ್ನುತ್ತಾನೆ. ಮ್ಯಾನೇಜರ್ ಪಾಪ ನಂಬುತ್ತಾರೆ.

ಇನ್ನು ಅಮ್ಮ, ಅಂದರೆ ಮಾವನ ಅಕ್ಕ. ನಮ್ಮ ಮನೆಯ ಮುಂದಿನ ಕೋಣೆಯ ಕಿಟಕಿಯ ಬಳಿ ಕೂತು ಇಡೀ ಬೀದಿಗೆ ಬಟ್ಟೆ ಹೊಲಿಯುತ್ತಾಳೆ. ಮಂಚದ ಮೇಲೆ ಬಟ್ಟೆ, ಮೇಜಿನ ಮೇಲೆ ಬಟ್ಟೆ, ಊಟದಲ್ಲಿ ದಾರದ ತುಂಡು ಸಿಕ್ಕರೆ ಪಕ್ಕಕ್ಕಿಟ್ಟು ಉಣ್ಣುವುದು ನಮಗೆ ರೂಢಿ. ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿಯವರು ಬಿಟ್ಟುಹೋದ ಅಂಗಡಿ ಖಾಲಿ ಬಿದ್ದಿತ್ತು. ಅದರ ಮೇಲಿನ ಮಹಡಿಯಲ್ಲಿ ವಾಸವಿರುವ ಒಡತಿ, ಎಲ್ಲರೂ ಟೀಚರಮ್ಮ ಎನ್ನುವವರು, ತಾವಾಗಿಯೇ ಮನೆಗೆ ಬಂದರು. “ನಿಮಗೇ ಕೊಡೋಣ ಅಂತಿದೀನಿ. ಭಾನುವಾರ ಮಧ್ಯಾಹ್ನದೊಳಗೆ ಹೇಳಿಬಿಡಿ, ಬೇರೆಯವರೂ ಕೇಳ್ತಿದಾರೆ.”

ಸ್ವಂತ ಅಂಗಡಿ ಅಮ್ಮನ ಇಪ್ಪತ್ತು ವರ್ಷದ ಆಸೆ. ಆದರೂ ಎರಡು ದಿನ ಅವಳ ಬಾಯಿಂದ ‘ಹೂಂ’ ಬರಲಿಲ್ಲ. ಕೇಳಿದರೆ, “ನನ್ನ ಕೈಗುಣ ಸರಿಯಿಲ್ಲ ಕಣೇ,” ಅಂದಳು.

ಅದಕ್ಕೆ ಅವಳ ಪುರಾವೆ ಸ್ಕ್ರ್ಯಾಚ್ ಕಾರ್ಡ್. ತಮ್ಮ ಮಾಡುವ ಆಟ ಎಂಬ ಅಭಿಮಾನದಿಂದ ಏಳು ವರ್ಷ ಬಿಡದೆ ಉಜ್ಜಿದ್ದಾಳೆ. ಪಕ್ಕದ ಮನೆಯಾಕೆಗೆ ಟಾರ್ಚು ಬಂತು. ಅಂಚೆಯವನಿಗೆ ನೀರಿನ ಬಾಟಲಿ ಬಂತು. ಅಮ್ಮನಿಗೆ ಹತ್ತು ಪಾಯಿಂಟ್ಸಿನ ಸಮಾಧಾನಕರ ಬಹುಮಾನ ಕೂಡ ಬರಲಿಲ್ಲ. “ಪ್ರತಿ ಸಲ ಎರಡು ಸರಿಯಾಗಿ ಬರತ್ತೆ, ಮೂರನೇದು ತಪ್ಪತ್ತೆ. ಒಂದು ಸಲ ಅಲ್ಲ, ಎರಡು ಸಲ ಅಲ್ಲ. ಇಂಥ ಕೈ ಇಟ್ಕೊಂಡು ಅಂಗಡಿ ಬಾಗಿಲು ತೆಗೆದ್ರೆ ಯಾರು ಬರ್ತಾರೆ?” ಬೇಡವೆಂದೇ ಹೇಳಿಬಿಡುವುದೆಂದು ಅವಳು ಒಳಗೊಳಗೇ ತೀರ್ಮಾನಿಸಿದಂತಿತ್ತು. ನಾನು ನಕ್ಕು, ಅದೆಲ್ಲ ಕಂಪ್ಯೂಟರ್ ಮಾಡುವ ಕೆಲಸ ಎಂದರೆ, “ಕಂಪ್ಯೂಟರಿಗೂ ನನ್ನ ಕೈ ಗೊತ್ತಾಗಿದೆ,” ಅಂದಳು.

ಗುರುವಾರ ನನ್ನ ನಗು ನಿಂತಿತು. ಪ್ರತಿ ಆಟದ ಹಿಂದೆಯೂ ಪರೀಕ್ಷೆಗೆಂದು ಎರಡು ಪುಟ್ಟ ಪಟ್ಟಿಗಳಿರುತ್ತವೆ. ಒಂದರಲ್ಲಿರುವ ನಂಬರಿಗೆ ಯಾವಾಗಲೂ ಗೆಲುವು, ಇನ್ನೊಂದರಲ್ಲಿರುವುದಕ್ಕೆ ಯಾವಾಗಲೂ ಸೋಲು. ಎರಡೂ ಕಾರ್ಡುಗಳು ಸರಿಯಾಗಿ ಕಾಣುತ್ತವೆಯೇ ಎಂದು ನೋಡಿದ ಮೇಲೆ ಆ ನಂಬರುಗಳನ್ನು ಅಳಿಸಿ ಆಟವನ್ನು ಏರಿಸಬೇಕು. ಪಟ್ಟಿಗಳು ಮಾವನ ಕಂಪ್ಯೂಟರಿನಲ್ಲೇ ಇರುತ್ತಿದ್ದವು, ಪರೀಕ್ಷೆಯ ಕಾರ್ಡುಗಳನ್ನು ಅವನೇ ತೆರೆದು ಕೊಡುತ್ತಿದ್ದ, ಪಟ್ಟಿಗಳನ್ನು ನಾನು ನೋಡಿರಲಿಲ್ಲ. ಅವತ್ತು ದಿನಾಂಕ ತಿದ್ದುವ ಕೆಲಸವನ್ನೂ ನನ್ನ ತಲೆಗೆ ಕಟ್ಟಿ ಅವನು ಊಟಕ್ಕೆ ಹೋಗಿದ್ದ. ಕೊಡೆಯ ಆಟದ ಸೋಲುವ ಪಟ್ಟಿಯಲ್ಲಿ ಒಂದೇ ಒಂದು ನಂಬರ್ ಇತ್ತು. ಅಮ್ಮನದು. ಹಡಗಿನ ಆಟ ತೆರೆದೆ, ಅಲ್ಲೂ ಇತ್ತು. ಹಣ್ಣಿನ ಆಟದಲ್ಲೂ ಇತ್ತು. ಹಿಂದೆ ಹಿಂದೆ ಹೋದರೆ ಏಳು ವರ್ಷದ ಕೆಳಗಿನ ಮೊದಲ ಆಟದವರೆಗೂ ಇತ್ತು.

ಮಾವ ಹಲ್ಲು ಚುಚ್ಚಿಕೊಳ್ಳುತ್ತಾ ಬಂದ.

“ಮಾವ, ಇದು ಅಮ್ಮನ ನಂಬರ್ ಅಲ್ವಾ?”

ಕನ್ನಡಕ ಏರಿಸಿ ನೋಡಿದ. ಮುಖ ಹುಳ್ಳಗಾಯಿತು, ಒಂದೇ ಗಳಿಗೆ. “ಓ, ಇದಿನ್ನೂ ಇಲ್ಲೇ ಇದ್ಯಾ? ಮೊದಲನೇ ಆಟಕ್ಕೆ ಯಾವುದೋ ಒಂದು ನಂಬರ್ ಬೇಕಿತ್ತು, ಹಾಕಿದ್ದೆ. ನಕಲಿನ ಜೊತೆ ಬಂದ್ಬಿಟ್ಟಿದೆ.”

“ಏಳು ವರ್ಷದಿಂದಾನಾ?”

“ಹೋಗಿದ್ದು ಪಾಯಿಂಟ್ಸ್ ತಾನೆ? ಹೊರಗಿನವರ ನಂಬರ್ ಹಾಕಿದ್ರೆ ತಪ್ಪಾಗ್ತಿತ್ತು. ಇದು ನಮ್ಮನೆಯವರದ್ದೇ ಅಲ್ವಾ.”

ಮೈ ಉರಿದುಹೋಯಿತು. ಅಮ್ಮ ಅಂಗಡಿ ಬೇಡವೆನ್ನಲು ಹೊರಟಿರುವುದೇ ಇದರಿಂದ, ಇವತ್ತೇ ಹೋಗಿ ಹೇಳಿ ಎಂದೆ. ಅವನು ಕೈ ಬೀಸಿದ. “ಹೇಳಿ ಏನು ಪ್ರಯೋಜನ, ಸುಮ್ನೆ ಬೇಜಾರು. ಗೆಲ್ಲೋ ಪಟ್ಟಿಗೆ ಹಾಕ್ಬಿಡ್ತೀನಿ. ಭಾನುವಾರ ಬರ್ತೀನಿ, ನನ್ನೆದುರಿಗೇ ಉಜ್ಜಲಿ.” ಎರಡು ಸಲ ಒತ್ತಿದ, ನಂಬರ್ ಆ ಪಟ್ಟಿಯಿಂದ ಈ ಪಟ್ಟಿಗೆ ಬಂತು. ತಿಪ್ಪೆ ಸಾರಿಸುವುದರಲ್ಲಿ ಅವನ ಕೈ ಬಲು ಚುರುಕು. ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ: ಗೆದ್ದರೆ ಅಮ್ಮ ಅಂಗಡಿ ಹಿಡಿಯುತ್ತಾಳಲ್ಲ ಎಂದುಕೊಂಡು ನಾನೂ ಬಾಯಿ ಮುಚ್ಚಿಕೊಂಡೆ. ಆ ಮಟ್ಟಿಗೆ ನಾನು ಅವನ ಸೊಸೆಯೇ.

ಭಾನುವಾರ ಹನ್ನೊಂದಕ್ಕೆ ಗರಿಗರಿ ಅಂಗಿ ತೊಟ್ಟು ಬಂದ. ಅಮ್ಮ ಮಂಚದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟಳು. ಇವತ್ತಿನ ಕಾರ್ಡ್ ಆಡಿದೆಯಾ ಎಂದು ಏನೂ ಗೊತ್ತಿಲ್ಲದವನಂತೆ ಕೇಳಿದ. ಅಮ್ಮ ಫೋನ್ ತೆಗೆದು ಉಜ್ಜಿದಳು. ಕೊಡೆ. ಕೊಡೆ. ಮೂರನೆಯ ಚೌಕದ ಮೇಲೆ ಅವಳ ಬೆರಳು ನಿಧಾನವಾಯಿತು. ಅದೂ ಕೊಡೆ. ಪೂರ್ತಿ ಅಳಿದ ಮೇಲೂ ಅವಳು ಇನ್ನೆರಡು ಸಲ ಉಜ್ಜಿ ನೋಡಿದಳು. ಬಂದದ್ದು ಇಸ್ತ್ರಿಪೆಟ್ಟಿಗೆ.

“ನೋಡ್ದ್ಯಾ ಅಕ್ಕ,” ಎಂದು ಮಾವ ತೊಡೆ ತಟ್ಟಿಕೊಂಡು ನನ್ನ ಕಡೆ ಕಣ್ಣು ಹೊಡೆದ.

ಅಮ್ಮ ಅವನನ್ನೇ ನೋಡುತ್ತಿದ್ದಳು. “ನೀನು ಬಂದು ಪಕ್ಕದಲ್ಲಿ ಕೂತೆ, ಬಂತು. ಒಬ್ಬಳೇ ಏಳು ವರ್ಷ ಉಜ್ಜಿದೆ, ಬರಲಿಲ್ಲ. ಇದು ನಿನ್ನ ಕೈಗುಣ ಕಣೋ, ನಂದಲ್ಲ.” ಫೋನನ್ನು ಸೆರಗಿನಿಂದ ಒರೆಸಿ, “ಅಂಗಡೀನ ನಿನ್ನ ಹೆಸರಲ್ಲೇ ಹಿಡಿ. ಬೋರ್ಡಿನ ಮೇಲೂ ನಿನ್ನ ಹೆಸರೇ ಇರಲಿ. ನಾನು ಹಿಂದೆ ಕೂತು ಹೊಲೀತೀನಿ,” ಅಂದಳು.

ನಾನು ಮಾವನ ಮುಖ ನೋಡಿದೆ. ಚೂರೇ ಚೂರು ಮಾನವಿದ್ದವನಾದರೂ ಅಲ್ಲಿ ಬಾಯಿ ಬಿಡುತ್ತಿದ್ದ. ಇವನು ಕಾಲರ್ ಸರಿಮಾಡಿಕೊಂಡ.

“ನಿನಗೆ ಅದೇ ಸಮಾಧಾನ ಅಂದ್ರೆ ಆಗಲಿ ಬಿಡಕ್ಕ. ಬೋರ್ಡಿನ ಬಣ್ಣ ಮಾತ್ರ ನಾನೇ ಆರಿಸ್ತೀನಿ.”

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಎರಡು ಪಟ್ಟಿ, ನಕಲು, ಗುರುವಾರ ಕಂಡದ್ದು, ಈಗಿನ ಮೂರು ಕೊಡೆ ಎಲ್ಲಿಂದ ಬಂದವೆಂಬುದು, ನಾನು ಮೂರು ದಿನ ಸುಮ್ಮನಿದ್ದದ್ದು. ಮಾವ ನಡುನಡುವೆ “ಹಾಗಲ್ಲ”, “ಅದು ಬೇರೆ” ಅನ್ನುತ್ತಿದ್ದ. ಅಮ್ಮ ಅವನ ಕಡೆ ಅಂಗೈ ತೋರಿಸಿ ಸುಮ್ಮನಿರಿಸಿದಳು. ಅವಳು ಕೂಗಾಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

“ನಿನ್ನ ನಂಬರೇ ಹಾಕ್ಕೋಬಹುದಿತ್ತಲ್ಲೋ?”

“ನಾನು ಆಡಲ್ವಲ್ಲಕ್ಕ,” ಅಂದ ಮಾವ. “ಈ ಆಟಾನೆಲ್ಲ ಯಾರು ಆಡ್ತಾರೆ.”

ಅಮ್ಮ ಫೋನನ್ನು ಮಂಚದ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿ ಹೊರಟಳು. ನಾನು ಹಿಂದೆ ಓಡಿದೆ. ಮಾವ ಬಾಗಿಲವರೆಗೂ ಬಂದು, ನೂರಕ್ಕೆ ಎಷ್ಟು ಕಾರ್ಡ್ ಹೇಗಿದ್ದರೂ ಸೋಲುತ್ತವೆ ಎಂಬ ಲೆಕ್ಕ ಹೇಳುತ್ತಲೇ ನಿಂತ. ಅಮ್ಮ ನೇರವಾಗಿ ಬಸ್ ನಿಲ್ದಾಣದ ಎದುರಿನ ಮಹಡಿ ಹತ್ತಿದಳು. ಟೀಚರಮ್ಮ ಊಟಕ್ಕೆ ಏಳುವವರಿದ್ದರು. ಅಮ್ಮನನ್ನು ಕಂಡು ಒಪ್ಪಂದದ ಕಾಗದ ತೆಗೆದು, “ಯಾರ ಹೆಸರಲ್ಲಿ ಬರೀಲಿ?” ಅಂದರು.

“ನಂದೇ,” ಎಂದು ಅಮ್ಮ ಪೂರ್ತಿ ಹೆಸರು ಹೇಳಿದಳು. ತಂದೆಯ ಹೆಸರನ್ನೂ ಸೇರಿಸಿ ಹೇಳಿದಳು.

ಬೀಗದ ಕೈ ಹಿಡಿದು ಮೆಟ್ಟಿಲು ಇಳಿಯುವಾಗ ನಡುವೆ ನಿಂತಳು. ನನ್ನನ್ನು ಬಯ್ಯುತ್ತಾಳೆಂದುಕೊಂಡೆ. ಅವಳು ತನ್ನ ಕೈಯನ್ನು ನೋಡಿಕೊಳ್ಳುತ್ತಾ ಅಂದಳು:

“ಏಳು ವರ್ಷ ಪ್ರತಿಯೊಂದು ಬಟ್ಟೆಗೂ ಕತ್ತರಿ ಹಾಕೋವಾಗ ಹೆದರ್ಕೊಂಡೇ ಹಾಕಿದೀನಿ ಕಣೇ.”