ಇರುವೆ ಗೂಡಿನ ನೆಂಟ

ಇದನ್ನು ಹೇಳುವುದನ್ನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ಬರೆಯಲು ಕೂತಾಗಲೆಲ್ಲ ಮೊದಲು ಕಣ್ಣೆದುರು ಬರುವುದು ನಮ್ಮ ಸೌದೆ ಕೊಟ್ಟಿಗೆಯಲ್ಲಿ ಬೋರಲು ಮಲಗಿದ, ಅರವತ್ತು ದಾಟಿದ ಒಬ್ಬ ಗಂಡಸು. ಒಂದು ಕಣ್ಣಿಗೆ ವಾಚ್ ರಿಪೇರಿಯವರ ಭೂತಗನ್ನಡಿ, ಮೂಗಿನ ತುದಿಯಲ್ಲೇ ಇರುವೆ ಸಾಲು.

ಅವನು ನನ್ನ ಹೆಂಡತಿ ಸುಶೀಲಳ ತಮ್ಮ. ಮದುವೆಯಾಗಿರಲಿಲ್ಲ. ಜಯಪುರದಲ್ಲಿ ವಾಚ್ ಅಂಗಡಿ ಇಟ್ಟಿದ್ದ. ಜನ ಮೊಬೈಲಿನಲ್ಲೇ ಗಂಟೆ ನೋಡತೊಡಗಿದ ಮೇಲೆ ಅದನ್ನು ಮುಚ್ಚಿ ಕೊಪ್ಪದ ನಮ್ಮ ಮನೆಗೆ ಬಂದ. ಬಂದವನೇ ಮನೆಯನ್ನೆಲ್ಲ ತನ್ನ ಕಡೆ ಮಾಡಿಕೊಂಡ. ನನ್ನ ಕಾಫಿ ಆರಿರುತ್ತಿತ್ತು, ಅವನದು ಹಬೆಯಾಡುತ್ತಿತ್ತು. ಅಡುಗೆಮನೆಯಲ್ಲಿ ಅಕ್ಕ, ತಮ್ಮ ನಗುತ್ತಿದ್ದರೆ ನಾನು ಜಗಲಿಯಲ್ಲಿ ಪೇಪರಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ನನ್ನ ಮಾತಿಗೆ ಸುಶೀಲ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಅವನಿಗೆ ಮಾತ್ರ ನಾನೆಂದರೆ ಬಲು ಪ್ರೀತಿ. ಒಂದು ಬೆಳಿಗ್ಗೆ ಓಡಿಬಂದು ಕೈ ಹಿಡಿದು ಎಳೆದ.

"ಬೇಗ ಬನ್ನಿ ಭಾವ. ಅಕ್ಕಂಗೂ ತೋರ್ಸಿಲ್ಲ, ಮೊದ್ಲು ನಿಮ್ಗೇ. ಉಸಿರು ಮಾತ್ರ ಬಿಡ್ಬೇಡಿ ಮಾರಾಯ್ರೆ."

"ಉಸಿರು ಬಿಡ್ದೆ ಸಾಯ್ಲಾ?"

"ನೋಡಿ ಆಮೇಲೆ ಸಾಯಿರಿ!"

ಲಡ್ಡು ಹಿಡಿದು ಪುಡಿಪುಡಿಯಾಗುತ್ತಿದ್ದ ಮರದ ತುಂಡನ್ನು ಸೀಳಿದ್ದ. ಒಳಗೆ ಇರುವೆ ಗೂಡು. ನಡುವೆ ಮೋಟು ರೆಕ್ಕೆಯ ಒಂದು ಪುಟ್ಟ ಕಂದು ಜೀರುಂಡೆ ಬಾಲದ ತುದಿ ಮೇಲೆತ್ತಿ ನಿಂತಿತ್ತು. ಇರುವೆಯೊಂದು ಬಂದು ಅದರ ಮೈ ನೆಕ್ಕಿತು. ಆಮೇಲೆ ಬಾಯಿಗೆ ಬಾಯಿಟ್ಟು ಉಣಿಸಿತು.

"ಅದ್ರ ಮೈಯಲ್ಲಿ ಎಂಥದೋ ರಸ ಇದೆ ಭಾವ. ಅದು ಸಿಕ್ರೆ ಇವಕ್ಕೆ ಸ್ವಂತ ಮರಿಗಳೂ ಬೇಡ. ಆ ಕಳ್ಳ ಹುಳ ಇವುಗಳ ಮರಿಗಳನ್ನೇ ತಿಂತದೆ. ಆದ್ರೂ ಹೊರಗೆ ಹಾಕಲ್ಲ ನೋಡಿ!"

ಆ ಮಧ್ಯಾಹ್ನ ಸುಶೀಲ ಮೀನಿನ ದೊಡ್ಡ ಹೋಳನ್ನು ಅವನ ತಟ್ಟೆಗೆ ಹಾಕಿ, ಮಜ್ಜಿಗೆ ತರಲು ಒಳಗೆ ಹೋದಳು. ನಾನು ಮೆಲ್ಲಗೆ ಅಂದೆ: "ಆ ಹುಳ ನೋಡೋಕೆ ಸೌದೆ ಕೊಟ್ಟಿಗೆಗೆ ಯಾಕೆ ಹೋಗ್ತೀಯ ಮಾರಾಯ? ನನ್ನ ಮನೇಲೇ ಒಂದು ಕೂತು ಉಣ್ತಾ ಇದೆ."

ತಮಾಷೆಯೆಂದುಕೊಂಡು ನಕ್ಕ. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. ಮಜ್ಜಿಗೆ ತಂದವಳಿಗೆ, "ಸಾಕಕ್ಕಾ, ಹೊಟ್ಟೆ ತುಂಬ್ತು" ಎಂದ.

ಮರುದಿನ ನರಸಿಂಹರಾಜಪುರದ ಬಸ್ಸು ಹತ್ತಿದ. ಅಲ್ಲೇ ಒಂದು ಬಾಡಿಗೆ ಕೋಣೆ ಹಿಡಿದ. "ಸ್ವಂತ ಅಂಗಡಿ ಬೇಕಂತೆ ಅವಂಗೆ" ಎಂದು ನಾನು ಸುಶೀಲಳಿಗೆ ಸುಳ್ಳು ಹೇಳಿದೆ. ಅವನೂ ಅಕ್ಕನ ಹತ್ತಿರ ಬಾಯಿ ಬಿಡಲಿಲ್ಲ. ನಾನು ಅವನನ್ನು ಕೊನೆಯ ಸಲ ಕಂಡದ್ದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ.

"ಅಕ್ಕ ಹೇಗಿದ್ದಾಳೆ ಭಾವ?"

ಮನೆಗೆ ಬಾ ಎನ್ನುವ ಮಾತು ನಾಲಿಗೆಯವರೆಗೆ ಬಂದಿತ್ತು. ಇವನನ್ನು ಕಂಡು ಸುಶೀಲ ಬಾಗಿಲಿಗೆ ಓಡಿಬರುವುದು ಕಣ್ಣಿಗೆ ಕಟ್ಟಿತು. "ಚೆನ್ನಾಗಿದ್ದಾಳೆ" ಎಂದಷ್ಟೇ ಹೇಳಿ ಹೊರಟೆ.

ಈ ಮಳೆಗಾಲದಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡ. "ನನ್ನಿಂದ ಏನು ತಪ್ಪಾಯ್ತೋ, ಬರೋದೇ ಬಿಟ್ನಲ್ಲ" ಎಂದು ಸುಶೀಲ ಈಗಲೂ ಅಳುತ್ತಾಳೆ. ನಾನು ಸತ್ತರೆ ಇಷ್ಟು ಅಳುವಳೇ ಎಂದು ಆಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಇದು ಅಚ್ಚಾಗುವ ಮುಂಚೆ ಅವಳಿಗೆ ಓದಿ ಹೇಳುತ್ತೇನೆ. ತಪ್ಪು ನಿನ್ನದಲ್ಲ ಸುಶೀಲ. ಅವನನ್ನು ಓಡಿಸಿದವನು ನಾನು. ಕ್ಷಮಿಸು ಎಂದು ನಾನು ಒಮ್ಮೆಯೂ ಕೇಳಲಿಲ್ಲ, ನಿನ್ನ ತಮ್ಮ ನಾಗೇಶನನ್ನು.