ಬೇಲಿಫ್ ಎತ್ತಿದ ಕೂಸು

ನನ್ನ ಮೊಮ್ಮಗಳು ವಕೀಲಿ ಪಾಸಾದಳ್ರೀ! ಬೇಲಿಫ್ ಅಂದ್ರ ಮೊದಲು ಲ್ಯಾಟಿನ್ನಿನಾಗ ಹೊರೆ ಹೊರಾಂವ, ಆಮ್ಯಾಲೆ ಇಂಗ್ಲೆಂಡಿನಾಗ ಧಣಿ ಆಸ್ತಿ ಕಾಯಾಂವ, ಕಡೀಕ ಕೋರ್ಟಿನ ಆಳು ಆದ ಅಂತ ನಿನ್ನೆ ಹೇಳಿದಳು. ನನಗ ಮುಂಬೈ ಹತ್ತರದ ಠಾಕುರ್ಲಿಯ ನಮ್ಮ ಚಾಳಿಗೆ ಜಪ್ತಿ ಮಾಡಾಕ ಬರತಿದ್ದ ಬೇಲಿಫ್ ನೆನಪಾದ.

ಅಂವ ಮುಟ್ಟಿದ್ದೆಲ್ಲಾ ಸರಕಾರದ್ದಾಗತದ ಅಂತ ಚಾಳಿನವರು ನಂಬಿದ್ವಿ. ಅವನ ಚಪ್ಪಲಿ ಸಪ್ಪಳಕ್ಕ ಹಂಡೆ-ಕೊಡ ಬಚ್ಚಿಡತಿದ್ವಿ. ಅಂವ ಮಾತ್ರ ಟೊಪ್ಪಿಗಿ ತಗದು, "ನಾ ಬರೇ ಹುಕುಂ ಹೊರಾಂವ, ತಾಯಿ" ಅಂತಿದ್ದ.

ನಮ್ಮ ಖೋಲಿ ಖಾಲಿ ಮಾಡಸಾಕ ಬಂದ ದಿನ, ತೊಟ್ಟಿಲಾ ಹೊರಗಿಡಲಿಕ್ಕೆ ನನ್ನ ಕೂಸನ್ನ ಎತ್ತಿಬಿಟ್ಟ. "ಅಯ್ಯೋ, ಕೂಸು ಸರಕಾರದ್ದಾತು!" ಅಂತ ಚೀರಿದೆ. ಗಾಬರಿಯಾಗಿ ಅಂವ ಕೂಸನ್ನ ಎದಿಗೆ ಅವಚಿಕೊಂಡು, ಬಿಸಿಲಿಗೆ ಟೊಪ್ಪಿಗಿ ಮರೆ ಹಿಡಿದು, ಬಾಜೂ ಮನಿ ಅಕ್ಕನ ಉಡಿಯಾಗ ಹಾಕಿದ.

ಆ ಕೂಸಿನ ಮಗಳೇ ಈಗ ವಕೀಲಿ ಪಾಸಾದಾಕಿ. ಆದರೂ ಯಾರರೆ ಬಾಗಲಾ ಬಡಿದ್ರ ನನ್ನ ಕೈ ಇನ್ನೂ ತೊಟ್ಟಿಲಾ ಹುಡುಕತದ.